ಬೇಟೆಯ ಸಿವಂಗಿ

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಕಲಾಸಂಗ್ರಹಾಲಯದಲ್ಲಿ ಜಾರ್ಜ್ ಸ್ಟಬ್ಸ್ ಎಂಬ ಕಲಾವಿದನು ಸುಮಾರು 1765ರಲ್ಲಿ ರಚಿಸಿದ ತೈಲಚಿತ್ರವೊಂದಿದೆ. ಅದರಲ್ಲಿ ಬಿಳಿಯ ಉಡುಪಿನ ಇಬ್ಬರು ಭಾರತೀಯ ಸೇವಕರೂ ಅವರ ಬಳಿ ಚುಕ್ಕೆಮೈಯ ಮೃಗವೊಂದೂ ಇವೆ. ಮೃಗದ ಕಣ್ಣು ಮುಚ್ಚಿದ್ದ ಕೆಂಪು ಟೊಪ್ಪಿಗೆಯನ್ನು ಆಗತಾನೆ ಹಣೆಗೆ ಸರಿಸಲಾಗಿದೆ. ಒಬ್ಬನು ಅದನ್ನು ಹಿಡಿದಿದ್ದಾನೆ; ಮತ್ತೊಬ್ಬನು ಎದುರಿನ ಸಾರಂಗದತ್ತ ಕೈ ತೋರುತ್ತಿದ್ದಾನೆ. ಈ ಮೃಗವು ಮದರಾಸಿನ ಗವರ್ನರನಾಗಿದ್ದ ಪಿಗಟ್ ಎಂಬವನು ಮೂರನೆಯ ಜಾರ್ಜ್ ದೊರೆಗೆ ಒಪ್ಪಿಸಿದ ಕಾಣಿಕೆ. 1764ರಲ್ಲಿ ವಿಂಡ್ಸರಿನಲ್ಲಿ ಇದನ್ನು ಸಾರಂಗದ ಮೇಲೆ ಬಿಟ್ಟಾಗ ಸಾರಂಗವೇ ಇದನ್ನು ಹಿಮ್ಮೆಟ್ಟಿಸಿತು. ಚಿತ್ರದಲ್ಲಿ ಆ ಸೋಲಿನ ಸುಳಿವಿಲ್ಲ.

ಇದೇ ಚೀತಾ. ಕನ್ನಡದಲ್ಲಿ ಇದಕ್ಕೆ ಸಿವಂಗಿ ಎಂಬ ಸೊಗಸಾದ ಹೆಸರಿದೆ. ಇಂದು ಅದನ್ನು ಬಲ್ಲವರು ವಿರಳ. ಸ್ಟಬ್ಸನಿಗೆ ವಿಸ್ಮಯವೆನಿಸಿದ ಈ ಬೇಟೆ ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೇ ಇದರ ಪ್ರಸ್ತಾಪವಿದೆ.

ಸಿವಂಗಿಗಳು ಮೈಯುಜ್ಜಲು ಬರುವ ಮರಗಳ ಸುತ್ತ ಉರುಳು ಒಡ್ಡಿ ಅವನ್ನು ಹಿಡಿಯುತ್ತಿದ್ದರು. ಮರಿಗಳನ್ನು ಹಿಡಿದು ಪ್ರಯೋಜನವಿರಲಿಲ್ಲ. ಬೇಟೆಯ ವಿದ್ಯೆಯನ್ನು ತಾಯಿಯಿಂದ ಕಲಿತ ಪ್ರಾಯದ ಮೃಗವೇ ಬೇಕಾಗಿತ್ತು. ಕಣ್ಣು ಕಟ್ಟಿ, ಮಂಚಕ್ಕೆ ಬಿಗಿದು, ಹಗಲಿರುಳು ಮನುಷ್ಯರ ಮಾತು ಕೇಳಿಸಿ ಅದರ ಬೆದರಿಕೆಯನ್ನು ನೀಗುತ್ತಿದ್ದರು. ಬಳಿಕ ಎತ್ತಿನ ಬಂಡಿಯಲ್ಲಿ ಬಯಲಿಗೆ ಒಯ್ಯುತ್ತಿದ್ದರು. ಬಂಡಿಗೆ ಒಗ್ಗಿದ ಕೃಷ್ಣಮೃಗಗಳು ಬೆದರುತ್ತಿರಲಿಲ್ಲ. ಟೊಪ್ಪಿಗೆ ತೆಗೆದೊಡನೆ ಸಿವಂಗಿ ಧಾವಿಸಿ ಗಂಟಲು ಹಿಡಿಯುತ್ತಿತ್ತು. ಪಾಲಕನು ಓಡಿಬಂದು ಬೇಟೆಯ ರಕ್ತವನ್ನು ಸೌಟಿನಲ್ಲಿ ಅದಕ್ಕೆ ಕುಡಿಸಿ, ಮತ್ತೆ ಕಣ್ಣು ಮುಚ್ಚುತ್ತಿದ್ದನು.

ಆದರೆ ಇಷ್ಟು ಪಳಗಿದ ಪ್ರಾಣಿ ಸೆರೆಯಲ್ಲಿ ಮರಿ ಹಾಕುತ್ತಿರಲಿಲ್ಲ. ಒಮ್ಮೆ ಹಾಗೆ ಹಾಕಿದ್ದನ್ನು ಜಹಾಂಗೀರನು ಅಚ್ಚರಿಯಿಂದ ಬರೆದಿಟ್ಟಿದ್ದಾನೆ. ಅಕ್ಬರನಲ್ಲಿ ಸಾವಿರ ಸಿವಂಗಿಗಳಿದ್ದುವೆನ್ನುತ್ತಾರೆ; ಅವೆಲ್ಲವೂ ಅಡವಿಯಿಂದ ತಂದವೇ. ಒಂದು ಸತ್ತರೆ ಅಡವಿಯಿಂದ ಇನ್ನೊಂದು! ಹುಲ್ಲುಗಾವಲುಗಳು ಹೊಲಗಳಾದುದು, ಬಂದೂಕು ಬಂದುದು ಉಳಿದ ಕೆಲಸವನ್ನು ಮುಗಿಸಿದುವು. ಇಪ್ಪತ್ತನೆಯ ಶತಮಾನದಲ್ಲಿ ಕೊಲ್ಲಾಪುರದ ಅರಸರು ಬೇಟೆಗಾಗಿ ಆಫ್ರಿಕದಿಂದ ಸಿವಂಗಿಗಳನ್ನು ತರಿಸಬೇಕಾಯಿತು. 1947ರಲ್ಲಿ ಕೊರಿಯಾ ಸಂಸ್ಥಾನದಲ್ಲಿ ಕೊನೆಯ ಮೂರು ಗುಂಡಿಗೆ ಬಲಿಯಾದುವು. 1952ರಲ್ಲಿ ಭಾರತದಲ್ಲಿ ಈ ಪ್ರಾಣಿ ಅಳಿದುದಾಗಿ ಸಾರಲಾಯಿತು.

2022ರಲ್ಲಿ ನಮೀಬಿಯದಿಂದ ಎಂಟು ಸಿವಂಗಿಗಳನ್ನು ಮಧ್ಯಪ್ರದೇಶದ ಕೂನೋಕ್ಕೆ ತರಲಾಯಿತು. ಕರ್ನಾಟಕದಲ್ಲಿ ಅದರ ಹಳೆಯ ಬೇಟೆಯಾದ ಕೃಷ್ಣಮೃಗಕ್ಕೆ 1974ರಿಂದ ರಾಣೆಬೆನ್ನೂರಿನಲ್ಲಿ ಅಭಯಾರಣ್ಯವಿದೆ.