ಸೋರುವ ಬಾಡಿಗೆ ಮನೆ: ರಿಪೇರಿಗೆ ಎಷ್ಟು ದಿನ ಕಾಯಬಹುದು?

ಕೊಡಚಾದ್ರಿಯ ಬುಡದಲ್ಲಿರುವ ಕೊಲ್ಲೂರಿನಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಈ ದಿನಗಳಲ್ಲಿ ಮಗುವಿನ ಕೆಮ್ಮು, ಉಬ್ಬಸವೆಂದು ಬರುವ ತಾಯಂದಿರನ್ನು ನಾನು ಮೊದಲು ಕೇಳುವುದು ಮಲಗುವ ಕೋಣೆಯ ಗೋಡೆಯ ಬಗ್ಗೆ. "ಬೂಷ್ಟು ಹಿಡಿದಿದೆ ಡಾಕ್ಟ್ರೇ, ಬಾಡಿಗೆ ಮನೆ. ಮಾಲೀಕರಿಗೆ ಹೇಳಿದ್ದೇವೆ" ಎನ್ನುವವರೇ ಹೆಚ್ಚು.

ಆರೋಗ್ಯಕ್ಕೆ ಅನಿವಾರ್ಯವೆಂದು ಯುನಾನಿ ಹೇಳುವ ಆರು ಸಂಗತಿಗಳಲ್ಲಿ ಮೊದಲನೆಯದು ಗಾಳಿ. ಬೂಷ್ಟಿನ ಕಣ ತುಂಬಿದ ಗಾಳಿಯನ್ನೇ ಮಗು ರಾತ್ರಿಯಿಡೀ ಉಸಿರಾಡುತ್ತಿದ್ದರೆ ಔಷಧಿಯೊಂದರಿಂದಲೇ ಗುಣವಾಗದು. ನೆನೆದ ಜಾಗವನ್ನು 24ರಿಂದ 48 ಗಂಟೆಯೊಳಗೆ ಒಣಗಿಸದಿದ್ದರೆ ಬೂಷ್ಟು ಬೆಳೆಯತೊಡಗುತ್ತದೆ.

ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಮನೆಯ ಬೂಷ್ಟೇ ಕಾರಣವೆಂದು ವಿಚಾರಣೆಯಲ್ಲಿ ತಿಳಿದುಬಂತು. ಹೆತ್ತವರು ಮೊದಲೇ ದೂರು ಕೊಟ್ಟಿದ್ದರು. ಈಗ ಆ ಮಗುವಿನ ಹೆಸರಿನ ಕಾನೂನು ಅಲ್ಲಿದೆ. ಅಲ್ಲಿನ ಸಾಮಾಜಿಕ ವಸತಿ ಮನೆಗಳಲ್ಲಿ ತುರ್ತು ಅಪಾಯವನ್ನು 24 ಗಂಟೆಯೊಳಗೆ ಸರಿಪಡಿಸಬೇಕು.

ನಮ್ಮಲ್ಲಿ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಗಂಟೆ, ದಿನಗಳ ಲೆಕ್ಕ ಹೇಳುವುದಿಲ್ಲ. ಮಾಲೀಕರೇ ಮಾಡಿಸಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ‘ಸಮಂಜಸ ಸಮಯ’ದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎನ್ನುತ್ತದೆ. ಕರಾರಿನಲ್ಲಿ ಬೇರೆ ಷರತ್ತಿದ್ದರೆ ಅದು ಅನ್ವಯಿಸುತ್ತದೆ; ಹಾಗಾಗಿ ಮೊದಲು ಕರಾರುಪತ್ರ ಓದಿ, ವಕೀಲರನ್ನು ಕೇಳಿ. ದೋಷ ಕಂಡರೆ ಮಾಲೀಕರಿಗೆ ತಿಳಿಸುವುದು ಬಾಡಿಗೆದಾರರ ಹೊಣೆ. ಬಾಯಿಮಾತು ಸಾಲದು, ಫೋಟೋ, ದಿನಾಂಕದೊಂದಿಗೆ ಬರೆದು ತಿಳಿಸಿ.

ವೈದ್ಯನಾಗಿ ನನ್ನ ಲೆಕ್ಕ ಹೀಗಿದೆ:

• ಸ್ವಿಚ್‌ಬೋರ್ಡಿಗೆ ನೀರಿಳಿದರೆ, ಗೋಡೆ ಮುಟ್ಟಿದಾಗ ಶಾಕ್ ಹೊಡೆದರೆ: ಕೂಡಲೇ ಅದನ್ನು ಮುಟ್ಟದೆ ಮೇನ್ ಆಫ್ ಮಾಡಿ, ಅಂದೇ ಎಲೆಕ್ಟ್ರಿಷಿಯನ್‌ನನ್ನು ಕರೆಸಬೇಕು.
• ಮಾಡು ಸೋರಿದರೆ, ಪಾಯಿಖಾನೆ ಕಟ್ಟಿದರೆ: ಎರಡು ದಿನ.
• ಗೋಡೆಯ ತೇವ, ಬೂಷ್ಟು: ಒಂದು ವಾರದೊಳಗೆ ಕಾರಣ ಹುಡುಕಿ ಕೆಲಸ ಶುರುವಾಗಬೇಕು.

ಅಲ್ಲಿಯವರೆಗೆ ಮಗುವಿನ ಹಾಸಿಗೆಯನ್ನು ಆ ಕೋಣೆಯಿಂದ ತೆಗೆಯಿರಿ. ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಂಡು ಸೋಪುನೀರಿನಿಂದ ಬೂಷ್ಟು ಒರೆಸಿ, ಒಣಗಿಸಿ. ಅದರ ಮೇಲೆಯೇ ಬಣ್ಣ ಬಳಿಯಬೇಡಿ. ಮುಗ್ಗಲು ವಾಸನೆ ಹೋಗಲೆಂದು ಲೋಬಾನ ಹಾಕುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಉಬ್ಬಸವಿರುವವರಿಗೆ ಆ ಹೊಗೆಯೂ ತೊಂದರೆಯೇ.

ಮನೆ ಬಾಡಿಗೆಗೆ ಕೊಟ್ಟವರೂ ಈ ಪತ್ರಿಕೆಯ ಓದುಗರಲ್ಲಿದ್ದಾರೆ. ನಾಲ್ಕು ಹಂಚು ಬದಲಿಸುವ ಖರ್ಚು ದೊಡ್ಡದಲ್ಲ. ಬಾಡಿಗೆದಾರರ ಫೋನು ಬಂದ ದಿನವೇ ಹೋಗಿ ನೋಡಿ ಬನ್ನಿ.