ಮುರಿದ ಮೊಳೆಗೆ ಬೋಲ್ಟಿನ ಮದ್ದು

ಐಬಿಎಂ ಕಂಪನಿ 1985ರಲ್ಲಿ ಹೊರತಂದ ‘ಮಾಡೆಲ್ ಎಂ’ ಕೀಬೋರ್ಡುಗಳು ಇಂದಿಗೂ ಅಲ್ಲಲ್ಲಿ ಟಕಟಕ ಎನ್ನುತ್ತಿವೆ. ಕೆಲವುಗಳಲ್ಲಿ ಮಾತ್ರ ಒಂದೊಂದು ಕೀಲಿ ಮೆತ್ತಗಾಗಿರುತ್ತದೆ, ಇನ್ನೊಂದು ಅಕ್ಷರವನ್ನೇ ಮೂಡಿಸುವುದಿಲ್ಲ. ಅಂಥವನ್ನು ಗುಜರಿಗೆ ಹಾಕುವ ಮುನ್ನ ಒಳಗೇನಾಗಿದೆ ಎಂದು ನೋಡುವುದು ಒಳ್ಳೆಯದು.

ಪ್ರತಿ ಕೀಲಿಯ ಕೆಳಗೂ ಒಂದು ಸುರುಳಿ ಸ್ಪ್ರಿಂಗ್ ನಿಂತಿದೆ. ಒತ್ತಿದಾಗ ಅದು ಮೊದಲು ಕುಗ್ಗುತ್ತದೆ. ಒಂದು ಹಂತ ದಾಟಿದ್ದೇ ತಡ, ನಡು ಬಾಗಿ ಪಕ್ಕಕ್ಕೆ ಚಿಮ್ಮುತ್ತದೆ. ಆ ರಭಸಕ್ಕೆ ಬುಡದಲ್ಲಿರುವ ಪುಟ್ಟ ಸುತ್ತಿಗೆ ವಾಲಿ, ಕೆಳಗಿನ ತೆಳು ಹಾಳೆಗಳನ್ನು ಅದುಮುತ್ತದೆ. ಹಾಳೆಗಳು ಮೂರು: ಮೇಲಿನದರಲ್ಲೂ ಕೆಳಗಿನದರಲ್ಲೂ ವಿದ್ಯುತ್ ಹರಿಯುವ ಗೆರೆಗಳಿವೆ, ನಡುವಿನದರಲ್ಲಿ ತೂತುಗಳು. ತೂತಿನೊಳಗೆ ಗೆರೆಗಳು ತಾಗಿದೊಡನೆ ಕಂಪ್ಯೂಟರಿಗೆ ಸಂಕೇತ ಹೋಗುತ್ತದೆ. ಕೀಲಿ ಕೆಲಸ ಮಾಡಿತೆಂದು ಬೆರಳಿಗೂ ಕಿವಿಗೂ ಆಗಲೇ ಗೊತ್ತಾಗಿರುತ್ತದೆ.

ಈ ಸ್ಪ್ರಿಂಗ್ ಸುಲಭಕ್ಕೆ ಸೋಲುವಂಥದ್ದಲ್ಲ. ಅಕ್ಷರಗಳೂ ಅಳಿಸುವುದಿಲ್ಲ, ಏಕೆಂದರೆ ಅವುಗಳ ಬಣ್ಣ ಪ್ಲಾಸ್ಟಿಕ್ಕಿನೊಳಗೇ ಇಳಿದಿದೆ. ಕೈಕೊಡುವುದು ಪ್ಲಾಸ್ಟಿಕ್ ಮೊಳೆಗಳು. ಸ್ಪ್ರಿಂಗುಗಳ ಚೌಕಟ್ಟಿನಿಂದ ಹೊರಟ ಇವು ಹಾಳೆಗಳನ್ನೂ ಅಡಿಯ ಉಕ್ಕಿನ ತಗಡನ್ನೂ ತೂರಿಬರುತ್ತವೆ. ಕಾರ್ಖಾನೆಯಲ್ಲಿ ಅವುಗಳ ತುದಿಯನ್ನು ಕಾಯಿಸಿ ಚಪ್ಪಟೆ ಮಾಡಿರುತ್ತಾರೆ. ವರ್ಷ ಕಳೆದಂತೆ ಪ್ಲಾಸ್ಟಿಕ್ ಪೆಡಸಾಗಿ ಮೊಳೆಯ ತಲೆಗಳು ಉದುರುತ್ತವೆ, ಬಿಗಿ ಸಡಿಲವಾಗುತ್ತದೆ, ಸುತ್ತಿಗೆಯ ಪೆಟ್ಟು ಹಾಳೆಗೆ ಸರಿಯಾಗಿ ಬೀಳುವುದಿಲ್ಲ. ಅಲುಗಾಡಿಸಿದಾಗ ಒಳಗೆ ಚೂರುಗಳ ಗಲಗಲ ಕೇಳಿದರೆ ರೋಗ ಇದೇ ಇರಬೇಕು.

ಮೊದಲು ಶುಚಿ. ಕೇಬಲ್ ಕಳಚಿ, ಕೀಲಿಗಳ ಸ್ಥಾನ ನೆನಪಿರಲೆಂದು ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಕೀಲಿಗಳ ಟೋಪಿಗಳನ್ನು ನೇರವಾಗಿ ಮೇಲಕ್ಕೆಳೆದು, ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಚೌಕಟ್ಟಿಗೆ ಬ್ರಷ್ ಸಾಕು. ಅಲ್ಲಿ ನೀರು ಸುರಿದರೆ ತೇವ ಹಾಳೆಗಳ ನಡುವೆ ಸೇರಿ ಗೆರೆಗಳನ್ನೇ ತಿಂದುಹಾಕುತ್ತದೆ.

ಆಮೇಲೆ ದುರಸ್ತಿ. ಚೌಕಟ್ಟನ್ನು ಮಗುಚಿಟ್ಟೇ ತಗಡು ಬಿಚ್ಚಬೇಕು, ಇಲ್ಲವಾದರೆ ಸುತ್ತಿಗೆಗಳೆಲ್ಲ ಚೆಲ್ಲಿಹೋಗುತ್ತವೆ. ಉಳಿದ ಮೊಳೆತಲೆಗಳನ್ನು ಕೆತ್ತಿ ತಗಡನ್ನೂ ಹಾಳೆಗಳನ್ನೂ ಎತ್ತಿ, ಸುತ್ತಿಗೆಗಳನ್ನು ಬೇರೆಡೆ ತೆಗೆದಿಡಿ. ಮೊಳೆಯಿದ್ದ ಜಾಗದಲ್ಲೆಲ್ಲ ಸಣ್ಣ ತೂತು ಕೊರೆದು, ಮತ್ತೆ ಜೋಡಿಸುವಾಗ 2 ಮಿ.ಮೀ. ಬೋಲ್ಟಿಗೆ ನಟ್ಟು ಹಾಕಿ. ಎಲ್ಲವನ್ನೂ ಸ್ವಲ್ಪಸ್ವಲ್ಪವೇ, ಸಮನಾಗಿ ಬಿಗಿಯಬೇಕು. ತಾಳ್ಮೆ ಬೇಡುವ ಕೆಲಸ, ಆದರೆ ಕೈಯಳತೆಗೆ ಮೀರಿದ್ದಲ್ಲ.

ಕಾಯಿಸಿ ಚಪ್ಪಟೆ ಮಾಡಿದ ಮೊಳೆ ಒಮ್ಮೆ ಮುರಿದರೆ ಮತ್ತೆ ಕೂಡದು, ನಟ್ಟನ್ನಾದರೆ ಎಷ್ಟು ಸಲ ಬೇಕಾದರೂ ಬಿಚ್ಚಬಹುದು. ಹಾಗಾಗಿ ದುರಸ್ತಿಯಾದ ಕೀಬೋರ್ಡು ಕಾರ್ಖಾನೆಯಿಂದ ಬಂದಾಗಿದ್ದುದಕ್ಕಿಂತ ಒಂದು ಗುಣ ಹೆಚ್ಚೇ ಪಡೆದಿರುತ್ತದೆ: ಮುಂದೆ ಕೆಟ್ಟರೆ ಇನ್ನೊಬ್ಬರು ಅದನ್ನು ಬಿಚ್ಚಿ ಸರಿಪಡಿಸಬಲ್ಲರು.