ತಾನಾಗಿ ಅಲುಗುವ ತುಟಿಗೆ ಮದ್ದು

ವೈದ್ಯರು ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಹೆಬ್ಬೆರಳಿಗೆ ಉಳಿದ ಬೆರಳುಗಳನ್ನು ಒಂದೊಂದಾಗಿ, ಬೇಗ ಬೇಗ ತಾಗಿಸಲು ಹೇಳುತ್ತಾರೆ. ಆದರೆ ಅವರ ಕಣ್ಣು ಇರುವುದು ಬಾಯಿಯ ಮೇಲೆ. ರೋಗಿಯ ಗಮನ ಕೈಯ ಕಡೆ ಹೋದಾಗ ನಾಲಿಗೆ ಹೊರಳುವುದು, ತುಟಿ ಚಪ್ಪರಿಸುವುದು, ದವಡೆ ಸುಮ್ಮನೆ ಆಡುವುದು ಎದ್ದು ಕಾಣುತ್ತದೆ. ಇದೇ ಟಾರ್ಡಿವ್ ಡಿಸ್ಕೈನೀಸಿಯ.

ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ತಿಂಗಳು, ವರ್ಷಗಟ್ಟಲೆ ಮಾತ್ರೆ ನುಂಗಿದವರಲ್ಲಿ ಇದು ಹೆಚ್ಚು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ‘ಗ್ಯಾಸ್ಟ್ರಿಕ್’ ಎಂದಾಗ ನಮ್ಮಲ್ಲಿ ಧಾರಾಳವಾಗಿ ಬರೆದುಕೊಡುವ ಲೆವೊಸಲ್ಪಿರೈಡ್ ಕೂಡ ಇದನ್ನು ತರಬಲ್ಲವು. ಹೊಟ್ಟೆಯ ಮಾತ್ರೆಯ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ.

ಇವೆಲ್ಲ ಮಿದುಳಿನಲ್ಲಿ ಡೋಪಮಿನ್ ಎಂಬ ನರಸಂದೇಶವಾಹಕದ ಗ್ರಾಹಕಗಳನ್ನು ಮುಚ್ಚುವ ಔಷಧಗಳು. ಬಹುಕಾಲ ಮುಚ್ಚಿದ ಗ್ರಾಹಕಗಳು ಅತಿ ಸೂಕ್ಷ್ಮವಾಗುತ್ತವೆ ಎಂಬುದು ಬಳಕೆಯಲ್ಲಿರುವ ವಿವರಣೆ. ಆದ್ದರಿಂದಲೇ ಮಾತ್ರೆಯನ್ನು ದಿಢೀರನೆ ಬಿಟ್ಟರೆ ಅಲುಗಾಟ ಇನ್ನೂ ಜೋರಾಗಬಹುದು. ಮನೋರೋಗ ಮರುಕಳಿಸುವ ಅಪಾಯ ಬೇರೆ.

ಈ ಅಲುಗಾಟಕ್ಕೆ ಇಂದು ಕೊಡುವ ಮುಖ್ಯ ಔಷಧಗಳು ಬೇರೆ ಕಡೆಯಿಂದ ಕೆಲಸ ಮಾಡುತ್ತವೆ. ನರಕೋಶದೊಳಗಿನ ಪುಟ್ಟ ಚೀಲಗಳಿಗೆ ಡೋಪಮಿನ್ ತುಂಬುವ ಪ್ರೋಟೀನಿನ ಹೆಸರು ವಿಮ್ಯಾಟ್-2. ಅದನ್ನು ತಡೆದರೆ ಹೊರಬೀಳುವ ಡೋಪಮಿನ್ ಕಡಿಮೆಯಾಗುತ್ತದೆ. ಈ ದಾರಿಯ ಬೇರು ನಮ್ಮ ಸರ್ಪಗಂಧದ ಗಿಡದಲ್ಲೂ ಇದೆ. ಅದು ಉನ್ಮಾದವನ್ನೂ ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದು 1931ರಲ್ಲೇ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಬರೆದಿದ್ದರು. 1952ರಲ್ಲಿ ಅದರಿಂದ ಬೇರ್ಪಡಿಸಿದ ರೆಸರ್ಪಿನ್ ವಿಮ್ಯಾಟ್ ಅನ್ನು ಬಿಡದಂತೆ ಹಿಡಿದುಬಿಡುತ್ತದೆ, ರಕ್ತದೊತ್ತಡವೂ ಕುಸಿಯುವಂತೆ ಮಾಡುತ್ತದೆ. ಇದೇ ಪ್ರೋಟೀನನ್ನು ತಡೆಯುವ ಇನ್ನೊಂದು ಔಷಧ ಟೆಟ್ರಾಬೆನಝೀನ್‌ನ ಹಿಡಿತ ಸಡಿಲ. ಆದರೆ ದಿನಕ್ಕೆ ಹಲವು ಬಾರಿ ನುಂಗಬೇಕು, ಖಿನ್ನತೆ, ಮಂಪರು, ಪಾರ್ಕಿನ್ಸನ್‌ನಂಥ ಬಿಗಿತ ಬರಬಹುದು. ಅಮೆರಿಕದಲ್ಲಿ 2017ರಲ್ಲಿ ಈ ಕಾಯಿಲೆಗೆಂದೇ ವ್ಯಾಲ್‌ಬೆನಝೀನ್ ಮತ್ತು ಡ್ಯೂಟೆಟ್ರಾಬೆನಝೀನ್‌ಗೆ ಅನುಮೋದನೆ ಸಿಕ್ಕಿತು. ಮೊದಲನೆಯದಕ್ಕೆ ದಿನಕ್ಕೊಂದು ಕ್ಯಾಪ್ಸೂಲ್ ಸಾಕು. ಎರಡನೆಯದರಲ್ಲಿ ಕೆಲವು ಹೈಡ್ರೋಜನ್ ಪರಮಾಣುಗಳ ಜಾಗದಲ್ಲಿ ಭಾರದ ಡ್ಯೂಟೀರಿಯಂ ಇದೆ. ಹಾಗಾಗಿ ಔಷಧ ದೇಹದಲ್ಲಿ ನಿಧಾನವಾಗಿ ವಿಭಜನೆಯಾಗುತ್ತದೆ. ಇವು ಅಲುಗಾಟವನ್ನು ತಗ್ಗಿಸುತ್ತವೆ, ಬೇರುಸಹಿತ ಕೀಳುವುದಿಲ್ಲ. ಬಿಟ್ಟರೆ ಸಾಮಾನ್ಯವಾಗಿ ಮರಳಿ ಬರುತ್ತದೆ.

ಮನೋರೋಗಕ್ಕೆ ಕೊಡುತ್ತಿದ್ದ ಮೂಲ ಔಷಧವನ್ನು ಕ್ಲೋಝಪಿನ್ ಅಥವಾ ಕ್ವೆಟಯಪಿನ್‌ಗೆ ಬದಲಿಸುವುದೂ ಉಂಟು.

ಒಂದು ಮಾತ್ರೆಯ ಬಗ್ಗೆ ಮಾತ್ರ ಒತ್ತಿ ಹೇಳಬೇಕು. ನಡುಕ, ಬಿಗಿತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಈ ನಾಲಿಗೆ-ತುಟಿಯ ಆಟಕ್ಕೆ ಮದ್ದಲ್ಲ, ಹೆಚ್ಚಿಸಲೂಬಹುದು. ಚೀಟಿಯಲ್ಲಿ ಅದು ವರ್ಷಗಳಿಂದ ಮುಂದುವರಿದಿದ್ದರೆ, ಇನ್ನೂ ಬೇಕೇ, ನಿಧಾನವಾಗಿ ಇಳಿಸಬಹುದೇ ಎಂದು ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳಿ.